ಒಂದು ಕ್ರೇಟ್ ದ್ರಾಕ್ಷಿ, ಒಂದು ಬಾಟಲಿ ವೈನ್

ಪ್ರತಿ ವರ್ಷ ಶಿವರಾತ್ರಿ ಆಸುಪಾಸಿನಲ್ಲಿ ಅಣ್ಣನ ಫೋನ್ ಬರುತ್ತದೆ. "ಆರೂವರೆಗೆ ಹೆಬ್ಬಾಳ ಫ್ಲೈಓವರ್ ಹತ್ರ ನಿಂತಿರು. ಟೆಂಪೋದಲ್ಲಿ ಕಳಿಸ್ತಿದೀನಿ." ಅಷ್ಟೇ ಮಾತು. ನಾನು ಸ್ಕೂಟರ್ ತೆಗೆದುಕೊಂಡು ಹೋಗಿ ಕಾಯುತ್ತೇನೆ. ಮಾರ್ಕೆಟ್ಟಿಗೆ ಹೋಗುವ ಟೆಂಪೋ ಒಂದು ನಿಮಿಷ ನಿಲ್ಲುತ್ತದೆ. ಹಿಂದಿನವರು ಹಾರ್ನ್ ಹೊಡೆಯುವಷ್ಟರಲ್ಲಿ 20 ಕೆ.ಜಿ. ದ್ರಾಕ್ಷಿಯ ಕ್ರೇಟ್ ನನ್ನ ಸ್ಕೂಟರಿನ ಕಾಲಿಡುವ ಜಾಗಕ್ಕೆ ಬಂದು ಕೂತಿರುತ್ತದೆ. ನಾನು ಕಾಲು ಅಗಲಿಸಿಕೊಂಡು ಸಹಕಾರನಗರದವರೆಗೆ ಬರುತ್ತೇನೆ.

ನಮ್ಮದು ದೇವನಹಳ್ಳಿ ಕಡೆ. ಅಪ್ಪನ ಕಾಲದಿಂದ ದ್ರಾಕ್ಷಿ ಚಪ್ಪರ. ಕಲ್ಲುಕಂಬ ನೆಟ್ಟು, ಮೇಲೆ ತಂತಿ ಎಳೆದು, ಬಳ್ಳಿ ಹಬ್ಬಿಸಿದ ಚಪ್ಪರ. ಬೆಳೆಯುವುದು ಬೆಂಗಳೂರು ನೀಲಿ. 2013ರಲ್ಲಿ ಇದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆದರೆ ನಗರದವರು ಇದನ್ನು ಕೇಳಿಕೊಂಡು ಬಂದು ಕೊಳ್ಳುವುದು ಕಡಿಮೆ. ಬೀಜ ಇರುತ್ತದೆ, ಸಿಪ್ಪೆ ದಪ್ಪ, ಬಾಯಿಗೆ ಹಾಕಿದರೆ ತಿರುಳು ಜಾರಿ ಹೊರಗೆ ಬರುತ್ತದೆ. ಎಲ್ಲರಿಗೂ ಸೀಡ್‌ಲೆಸ್ ಬೇಕು. ನನಗೆ ಮಾತ್ರ ಆ ಸೀಡ್‌ಲೆಸ್ಸಿನಲ್ಲಿ ವಾಸನೆಯೇ ಸಿಗುವುದಿಲ್ಲ. ಬೆಂಗಳೂರು ನೀಲಿಯ ಗೊಂಚಲು ಅಡುಗೆಮನೆಯಲ್ಲಿದ್ದರೆ ಗೇಟು ತೆಗೆಯುವಾಗಲೇ ಗೊತ್ತಾಗುತ್ತದೆ.

20 ಕೆ.ಜಿ. ಎಂದರೆ ತಮಾಷೆಯಲ್ಲ. ಅಕ್ಕಪಕ್ಕದವರಿಗೆ ಹಂಚುತ್ತೇನೆ, ಜ್ಯೂಸ್ ಮಾಡುತ್ತೇನೆ, ಜಾಮ್ ಮಾಡುತ್ತೇನೆ. ಮೂರನೇ ದಿನಕ್ಕೆ ಕೆಳಗಿನ ಹಣ್ಣು ಒಡೆದು ಸಣ್ಣ ನೊಣ ಬರಲು ಶುರು. ಈ ವರ್ಷ ಕ್ರೇಟ್ ಖಾಲಿ ಮಾಡುವಾಗ ತಳದಲ್ಲಿ ಪೇಪರ್ ಸುತ್ತಿದ ಒಂದು ಬಾಟಲಿ ಸಿಕ್ಕಿತು. ಬಿಚ್ಚಿ ನೋಡಿದರೆ ವೈನ್! ಸಿಹಿ ಇರುವ ಕೆಂಪು ವೈನ್, 750 ಎಂ.ಎಲ್., ಆಲ್ಕೋಹಾಲ್ 13% ಎಂದು ಲೇಬಲ್ಲಿನಲ್ಲಿ ಬರೆದಿತ್ತು.

ಅಣ್ಣನಿಗೆ ಫೋನ್ ಮಾಡಿದೆ. "ಫ್ಯಾಕ್ಟರಿಯವ್ರು ಹೊಸ ವರ್ಷಕ್ಕೆ ಅಪ್ಪಂಗೆ ಕೊಟ್ಟಿದ್ದು ಕಣೆ. ಅಪ್ಪ ಅದನ್ನ ಕೊಟ್ಟಿಗೆಯಲ್ಲಿ ಇಟ್ಟಿದ್ರು. ಅಮ್ಮ ಮನೆಯೊಳಗೆ ಬಿಡಲ್ಲ. ನೀನೇ ಏನಾದ್ರೂ ಮಾಡ್ಕೋ" ಅಂದ.

ಇದೊಂದು ವಿಚಿತ್ರ ನೋಡಿ. ಹನ್ನೊಂದು ವರ್ಷ ನಮ್ಮ ತೋಟದ ಹಣ್ಣು ವೈನ್ ಮಾಡುವವರಿಗೆ ಹೋಗಿದೆ. ಅವರ ಕಡೆಯವರು ಬರುತ್ತಿದ್ದರು. ಕೈಯಲ್ಲಿ ಟಾರ್ಚಿನಷ್ಟುದ್ದದ ಒಂದು ಸಾಧನ. ಅದರ ಗಾಜಿನ ಮೇಲೆ ಒಂದು ಹನಿ ರಸ ಹಿಂಡಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಒಳಗೆ ಸಿಹಿಯ ಅಳತೆ ಕಾಣುತ್ತದೆ, ಬ್ರಿಕ್ಸ್ ಅಂತಾರೆ. 18 ಬಂದರೆ ಒಂದು ರೇಟು, 16 ಬಂದರೆ ಇನ್ನೊಂದು. ಅಪ್ಪನಿಗೆ ಆ ಸಾಧನದ ಮೇಲೆ ನಂಬಿಕೆ ಇರಲಿಲ್ಲ. ಅವರದು ಹಳೆಯ ಪದ್ಧತಿ. ಹಣ್ಣು ಕಚ್ಚಿ, ಬೀಜ ಅಂಗೈಗೆ ಉಗಿದು ನೋಡುವುದು. ಬೀಜ ಕಂದು ಬಣ್ಣಕ್ಕೆ ತಿರುಗಿದ್ದರೆ ಕೊಯ್ಯಬಹುದು, ಹಸಿರು ಇನ್ನೂ ಇದ್ದರೆ ಕಾಯಬೇಕು. ಇಷ್ಟೆಲ್ಲ ಮಾಡಿದ ಮನುಷ್ಯ ಆ ಹಣ್ಣಿನಿಂದ ಆಗುವ ವೈನನ್ನು ನನಗೆ ತಿಳಿದಂತೆ ಒಂದು ಸಲವೂ ಬಾಯಿಗೆ ಹಾಕಿದವರಲ್ಲ. ಕೇಳಿದರೆ "ಅದು ಫ್ಯಾಕ್ಟರಿ ಬಾಬತ್ತು" ಅನ್ನುತ್ತಿದ್ದರು.

ನಮ್ಮ ಮನೆಯಲ್ಲೂ ಕುಡಿಯುವವರಿಲ್ಲ. ನಮ್ಮ ಮನೆಯವರು ಬಾಟಲಿ ತಿರುಗಿಸಿ ತಿರುಗಿಸಿ ನೋಡಿ, "ಚರ್ಚ್ ಸ್ಟ್ರೀಟಿನಲ್ಲಿ ಒಂದು ಸಲ ವೈನ್ ಐಸ್‌ಕ್ರೀಂ ತಿಂದಿದ್ದೆ, ಚೆನ್ನಾಗಿತ್ತು" ಅಂದರು. ಯಾವಾಗ, ಯಾರ ಜೊತೆ ಎಂದು ನಾನು ಕೇಳಲಿಲ್ಲ. ಹಣ್ಣು ಇದೆ, ಬಾಟಲಿ ಇದೆ, ಬಿಸಿಲು ಶುರುವಾಗಿದೆ. ಮಾಡಿಯೇ ಬಿಡೋಣ ಅನ್ನಿಸಿತು.

ಮೊದಲ ಸಲ ನಾನು ಮಾಡಿದ್ದು ಸೋಮಾರಿಗಳ ವಿಧಾನ. ಒಂದು ಟಿನ್ ಕಂಡೆನ್ಸ್ಡ್ ಮಿಲ್ಕ್, ಒಂದು ಪ್ಯಾಕೆಟ್ ಫ್ರೆಶ್ ಕ್ರೀಂ, ಅರ್ಧ ಬಾಟಲಿ ವೈನ್. ದ್ರಾಕ್ಷಿಯನ್ನು ಮಿಕ್ಸಿಗೆ ಹಾಕಿ ಸೋಸಿದ ರಸ ಒಂದಿಷ್ಟು. ಎಲ್ಲ ಕಲಸಿ ಡಬ್ಬಕ್ಕೆ ಹಾಕಿ ರಾತ್ರಿ ಫ್ರೀಜರಿನಲ್ಲಿ ಇಟ್ಟೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಹೋಗಿ ನೋಡಿದೆ. ಡಬ್ಬ ಓರೆ ಮಾಡಿದರೆ ಅದೂ ಓರೆಯಾಗಿ ಹರಿಯಿತು. ಅಲ್ಲಲ್ಲಿ ಸಣ್ಣ ಗಂಟು, ಅಲ್ಲಲ್ಲಿ ಐಸಿನ ಪುಡಿ. ಇನ್ನೊಂದು ದಿನ ಬಿಟ್ಟೆ. ಆಗಲೂ ಅಷ್ಟೇ. ಅಂಬಲಿಗಿಂತ ಸ್ವಲ್ಪ ಗಟ್ಟಿ ಅನ್ನಬಹುದು.

ತಪ್ಪು ಎಲ್ಲಿ ಎಂದು ಆಮೇಲೆ ಲೆಕ್ಕ ಹಾಕಿದೆ. ನೀರು 0 ಡಿಗ್ರಿಗೆ ಗಟ್ಟಿಯಾಗುತ್ತದೆ. ಶುದ್ಧ ಆಲ್ಕೋಹಾಲ್ ಗಟ್ಟಿಯಾಗಲು ಮೈನಸ್ 114 ಡಿಗ್ರಿ ಬೇಕು. ಎರಡೂ ಸೇರಿದ ವೈನ್ ಮೈನಸ್ 5ರ ಹತ್ತಿರ ಗಟ್ಟಿಯಾಗಲು ಶುರು ಮಾಡುತ್ತದೆ, ಆದರೆ ಪೂರ್ತಿ ಆಗುವುದಿಲ್ಲ. ಸಕ್ಕರೆಯದೂ ಇದೇ ಬುದ್ಧಿ. ಹೆಚ್ಚಾದಷ್ಟೂ ಹೆಪ್ಪುಗಟ್ಟಲು ಬಿಡುವುದಿಲ್ಲ. ನಾನು ಹಾಕಿದ್ದು ಅರ್ಧ ಬಾಟಲಿ, ಅಂದರೆ 375 ಎಂ.ಎಲ್. ಅದರಲ್ಲಿ ಆಲ್ಕೋಹಾಲೇ 50 ಎಂ.ಎಲ್.ಗೆ ಹತ್ತಿರ. ಮೇಲೆ ಕಂಡೆನ್ಸ್ಡ್ ಮಿಲ್ಕಿನ ಸಕ್ಕರೆ, ಸಿಹಿ ವೈನಿನ ಸಕ್ಕರೆ, ಹಣ್ಣಿನ ಸಕ್ಕರೆ. ಫ್ರೀಜರ್ ಮೈನಸ್ 18 ಇರಬೇಕು ಅನ್ನುತ್ತಾರೆ. ನಮ್ಮದು ಒಂದೇ ಬಾಗಿಲಿನ ಹಳೆಯ ಫ್ರಿಜ್ಜು. ಮಕ್ಕಳು ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆಗೆದು ಸುಮ್ನೆ ನಿಂತು ನೋಡುತ್ತಾರೆ. ಅದು ಎಲ್ಲಿಂದ ಮೈನಸ್ 18 ಆಗಬೇಕು!

ಹಾಗಾದರೆ ವೈನ್ ಕುದಿಸಿ ಇಳಿಸಿದರಾಯಿತು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುವ ವಸ್ತು, ನೀರಿಗಿಂತ ಮೊದಲು ಹೋಗುತ್ತದೆ. ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮಕ್ಕಳಿಗೆ ಬೇರೆ ಡಬ್ಬದಲ್ಲಿ ಬರೀ ದ್ರಾಕ್ಷಿಯದು ಮಾಡುವುದು ಎಂದು ಆವತ್ತೇ ತೀರ್ಮಾನ ಮಾಡಿದೆ. ಗುರುತಿಗೆ ಕೆಂಪು ರಬ್ಬರ್ ಬ್ಯಾಂಡ್. ಎಂಟನೇ ಕ್ಲಾಸಿನ ಮಗ ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ.

ಎರಡನೇ ಸಲ ಒಂದು ಲೋಟ ವೈನ್, ಒಂದಿಷ್ಟು ದ್ರಾಕ್ಷಿ ಒಟ್ಟಿಗೆ ಕುದಿಸಿದೆ. ಪಕ್ಕದ ಒಲೆಯಲ್ಲಿ ಹಾಲು ಕಾಯುತ್ತಿತ್ತು. ಕೆಂಪಗೆ ಹೊಳೆಯುವ ಆ ಪಾಕ ನೋಡಿ ಆಸೆ ತಡೆಯಲಾಗಲಿಲ್ಲ. ಬಿಸಿ ಪಾಕವನ್ನು ಬಿಸಿ ಹಾಲಿಗೆ ಸುರಿದೆ.

ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಕಳೆದವಳು ನಾನು. ಹುಳಿ ಬಿದ್ದರೆ ಹಾಲು ಒಡೆಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಸುರಿದೆ. ವೈನೂ ಹುಳಿ, ದ್ರಾಕ್ಷಿಯೂ ಹುಳಿ, ಮೇಲೆ ಬಿಸಿ. ಕಣ್ಣೆದುರಿಗೇ ಒಡೆದು, ನೇರಳೆ ನೀರು ಬೇರೆ, ನೇರಳೆ ಗಸಿ ಬೇರೆ ಆಯಿತು. ಚೆಲ್ಲಲು ಮನಸ್ಸಾಗದೆ ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿದೆ. ಸಂಜೆ ನಮ್ಮ ಮನೆಯವರು ಬಂದು "ಇದೇನು ನೇರಳೆ ಪನ್ನೀರು?" ಅಂದರು. ಸಕ್ಕರೆ ಹಾಕಿ ಹುರಿದರೆ ಏನಾದರೂ ಆಗಬಹುದು ಅಂದುಕೊಂಡೆ. ಏನೂ ಆಗಲಿಲ್ಲ. ಬಟ್ಟೆಯ ಕಲೆ ಇನ್ನೂ ಹೋಗಿಲ್ಲ.

ಅಷ್ಟರಲ್ಲಿ ಅಪ್ಪ ಬಂದರು. ಕಣ್ಣಿನ ಪೊರೆ ತೋರಿಸಬೇಕಿತ್ತು. ಎರಡು ದಿನ ಇರುವವರಿದ್ದರು. ಬಾಟಲಿಯಲ್ಲಿ ಇನ್ನು 275 ಎಂ.ಎಲ್. ಉಳಿದಿತ್ತು, ಹಣ್ಣು ಮೂರು ಕೆ.ಜಿ. ಇನ್ನೊಂದು ಸಲ ಕೆಡಿಸಿದರೆ ಎರಡೂ ಮುಗಿಯುತ್ತಿತ್ತು. ಈ ಸಲ ಅವಸರ ಮಾಡಬಾರದು ಎಂದು ಎರಡು ದಿನದ ಕೆಲಸ ಅಂತಲೇ ಹಚ್ಚಿಕೊಂಡೆ.

ಮೊದಲು ಹಣ್ಣು. ಒಂದು ಕೆ.ಜಿ. ದ್ರಾಕ್ಷಿ ಬಿಡಿಸಿ ತೊಳೆದೆ. ಮಿಕ್ಸಿಗೆ ಹಾಕಬಾರದು, ಬೀಜ ಅರೆದುಹೋದರೆ ಒಗರು, ಕಹಿ. ಬೆಂಗಳೂರು ನೀಲಿಯ ದೊಡ್ಡ ಅನುಕೂಲ ಅದರ ಜಾರುವ ಸಿಪ್ಪೆ. ತೊಟ್ಟಿನ ಕಡೆಯಿಂದ ಎರಡು ಬೆರಳಲ್ಲಿ ಒತ್ತಿದರೆ ತಿರುಳು ಪಟ್ ಎಂದು ಹಾರುತ್ತದೆ. ತಿರುಳು ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ. ಅವರೆಕಾಳು ಹಿದುಕಿದ ಹಾಗೇ. ಅಪ್ಪ ಟೀವಿ ಮುಂದೆ ಕೂತು, ಕೇಳದೆಯೇ ಪಾತ್ರೆ ಹತ್ತಿರ ಎಳೆದುಕೊಂಡು ಹಿದುಕಲು ಶುರು ಮಾಡಿದರು. ಮಗಳೂ ಸೇರಿಕೊಂಡಳು. ಅವಳು ಹಿದುಕಿದ್ದರಲ್ಲಿ ಅರ್ಧ ಸೋಫಾದ ಕೆಳಗೆ ಸಿಕ್ಕಿತು.

ತಿರುಳನ್ನು ಸಣ್ಣ ಉರಿಯಲ್ಲಿ ಐದಾರು ನಿಮಿಷ ಇಟ್ಟರೆ ಮೆತ್ತಗಾಗಿ ಬೀಜ ಬಿಟ್ಟುಕೊಳ್ಳುತ್ತದೆ. ಅದನ್ನು ಜರಡಿಯಲ್ಲಿ ಸೋಸಿದೆ. ಬಣ್ಣ, ವಾಸನೆ ಇರುವುದೆಲ್ಲ ಸಿಪ್ಪೆಯಲ್ಲಿ. ಸೋಸಿದ ತಿರುಳು ನೋಡಿದರೆ ಮಾಸಲು ಹಸಿರು, ಸಿಪ್ಪೆ ಸೇರಿಸಿ ಹತ್ತು ನಿಮಿಷ ಕುದಿಸಿದ ಮೇಲೆ ಕಡುನೇರಳೆ. 100 ಗ್ರಾಂ ಸಕ್ಕರೆ ಹಾಕಿದೆ. ಆರಿದ ಮೇಲೆ ಸಿಪ್ಪೆ ಸಮೇತ ರುಬ್ಬಿ ಮತ್ತೆ ಸೋಸಿ, ಒಲೆಗಿಟ್ಟು ಸುಮಾರು 300 ಎಂ.ಎಲ್. ಆಗುವವರೆಗೆ ಇಳಿಸಿದೆ. ಚಮಚದಿಂದ ಹರಿಯಬೇಕು, ಆದರೆ ಅವಸರದಲ್ಲಿ ಹರಿಯಬಾರದು. ಹಣ್ಣನ್ನು ಹೀಗೆ ಇಳಿಸದೆ ಹಾಗೇ ಹಾಕಿದರೆ ಅದರ ನೀರೆಲ್ಲ ಐಸ್ ಚೂರಾಗಿ ಹಲ್ಲಿಗೆ ಸಿಗುತ್ತದೆ. ಇದರಲ್ಲಿ ಅರ್ಧದಷ್ಟು ತೆಗೆದು ಮಕ್ಕಳ ಡಬ್ಬಕ್ಕೆ ಇಡೋಣ ಅಂದುಕೊಂಡಿದ್ದೆ. ಸಾಲದು ಅನ್ನಿಸಿ ಅವರಿಗೆಂದೇ ಇನ್ನೊಂದು ಕೆ.ಜಿ. ಹಿದುಕಿದೆವು. ಅಪ್ಪನ ಉಗುರೆಲ್ಲ ನೇರಳೆ.

ಆಮೇಲೆ ವೈನ್. 250 ಎಂ.ಎಲ್. ಅಳೆದು, ಉಳಿದ 25 ಎಂ.ಎಲ್. ಹಾಗೇ ತೆಗೆದಿಟ್ಟೆ. ಒಲೆ ಆರಿಸಿಯೇ ವೈನ್ ಸುರಿಯಬೇಕು, ಆವಿಗೆ ಬೆಂಕಿ ಹತ್ತಿಕೊಳ್ಳಬಹುದು. ಒಂದು ಚಿಕ್ಕ ಚೂರು ಚಕ್ಕೆ ಹಾಕಿ, ಮುಚ್ಚಳ ಮುಚ್ಚದೆ, ಸಣ್ಣ ಉರಿಯಲ್ಲಿ ಇಟ್ಟೆ. ಮೊದಲ ಐದು ನಿಮಿಷ ಮೂಗಿಗೆ ಹೊಡೆಯುವ ಘಾಟು. ಕಿಟಕಿ ತೆಗೆದೆ. ಮೇಲಿನ ಮನೆ ಆಂಟಿ ಬಾಲ್ಕನಿಯಿಂದ ಬಗ್ಗಿ "ಏನಮ್ಮಾ ಮಾಡ್ತಿದೀಯ, ಒಳ್ಳೆ ವಾಸ್ನೆ" ಅಂದರು. "ದ್ರಾಕ್ಷಿ ಐಸ್‌ಕ್ರೀಂ ಆಂಟಿ, ವೈನ್ ಹಾಕಿ" ಎಂದು ನಿಜ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೊಟ್ಟೆ ಹಾಕಲ್ಲ ತಾನೇ?" ಇಲ್ಲ ಅಂದೆ. "ಹಾಗಾದ್ರೆ ನಮಗೂ ಒಂದ್ ಕಪ್ ಇಡು. ವೈನ್ ಅಂದ್ರೆ ದ್ರಾಕ್ಷಿ ರಸಾನೇ ಅಲ್ವಾ."

ಕಾಲು ಗಂಟೆ ಕಳೆದ ಮೇಲೆ ಘಾಟು ಹೋಗಿ ಜಾಮಿನಂಥ ವಾಸನೆ ಬಂತು. 80 ಎಂ.ಎಲ್.ಗೆ ಇಳಿಸಿದೆ. ನಾಲಿಗೆಗೆ ಹಚ್ಚಿದರೆ ಹುಣಸೆ ಗೊಜ್ಜಿನ ಹುಳಿ, ಬೆಲ್ಲದ ಸಿಹಿ, ಹಿಂದಿನಿಂದ ಒಗರು. ಇದನ್ನು ದ್ರಾಕ್ಷಿ ಪಾಕಕ್ಕೆ ಸೇರಿಸಿದೆ. ಸೇರಿಸುವ ಮುಂಚೆ, ಸೇರಿಸಿದ ಮೇಲೆ ಎರಡೂ ಸಲ ರುಚಿ ನೋಡಿದೆ. ಬರೀ ದ್ರಾಕ್ಷಿಯದು ಜ್ಯೂಸಿನ ಹಾಗಿತ್ತು. ವೈನ್ ಸೇರಿದ್ದು ದ್ರಾಕ್ಷಿಯ ಹಾಗಿತ್ತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಹಾಲಿನ ಕೆಲಸ ಸುಲಭ, ಆದರೆ ಕ್ರೀಂ ಹುಡುಕುವುದು ಸುಲಭವಲ್ಲ. ನಂದಿನಿಯ ಸಮೃದ್ಧಿ ಹಾಲು ಅರ್ಧ ಲೀಟರ್ ತಂದೆ, ಅದರಲ್ಲಿ 6% ಕೊಬ್ಬು. ಎರಡು ಚಮಚ ಹಾಲಿನಪುಡಿ, 50 ಗ್ರಾಂ ಸಕ್ಕರೆ ಹಾಕಿ 350 ಎಂ.ಎಲ್.ಗೆ ಇಳಿಸಿ, ತಣ್ಣನೆ ಹಾಲಲ್ಲಿ ಕಲಸಿದ ಎರಡು ಟೀ ಚಮಚ ಕಾರ್ನ್‌ಫ್ಲೋರ್ ಸೇರಿಸಿ ಗಟ್ಟಿ ಮಾಡಿದೆ. ಮೊಟ್ಟೆ ಹಾಕುವವರು ಇಲ್ಲಿ ನಾಲ್ಕು ಹಳದಿ ಹಾಕುತ್ತಾರೆ. ಆಂಟಿಗೆ ಮಾತು ಕೊಟ್ಟಾಗಿತ್ತು.

ಕ್ರೀಂ ವಿಷಯದಲ್ಲಿ ನಾನು ಮೊದಲು ಮೋಸ ಹೋಗಿದ್ದೆ. ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಫ್ರೆಶ್ ಕ್ರೀಮಿನಲ್ಲಿ 25% ಕೊಬ್ಬು. ಅದನ್ನು ಎಷ್ಟು ಹೊತ್ತು ಕಡೆದರೂ ಉಬ್ಬುವುದಿಲ್ಲ. ಉಬ್ಬಬೇಕಾದರೆ ಕಡಿಮೆ ಅಂದರೂ 30% ಬೇಕು. ಬೇಕರಿ ಸಾಮಾನಿನ ಅಂಗಡಿಯವನು ಕೊಟ್ಟ ಡಬ್ಬ ನೊರೆನೊರೆಯಾಗಿ ಚೆನ್ನಾಗಿ ಉಬ್ಬಿತು. ಹಿಂದೆ ತಿರುಗಿಸಿ ಓದಿದರೆ ತಾಳೆ ಎಣ್ಣೆ. ಕೇಕಿನ ಮೇಲೆ ಹೂವು ಬಿಡಿಸಲು ಅದು ಸರಿ, ಆದರೆ ಬಾಯಲ್ಲಿ ಮೇಣದ ಹಾಗೆ ಅಂಟುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಬರೀ ಐಸ್‌ಕ್ರೀಂ ಎಂದು ಮಾರಬೇಕಾದರೆ ಹಾಲಿನ ಕೊಬ್ಬು ಕನಿಷ್ಠ 10% ಇರಬೇಕು. ಎಣ್ಣೆಯಲ್ಲಿ ಮಾಡಿದ್ದಕ್ಕೆ ಫ್ರೋಜನ್ ಡೆಸರ್ಟ್ ಎಂದು ಬರೆಯಬೇಕು. ನೀವು ತಿನ್ನುವ ಕಪ್ಪಿನ ಮೇಲೆ ಒಂದು ಸಲ ಓದಿ ನೋಡಿ. ಕೊನೆಗೆ ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ 35% ಇರುವ ಹಾಲಿನ ಕ್ರೀಂ ಸಿಕ್ಕಿತು. 250 ಎಂ.ಎಲ್. ಸಾಕು. ನನ್ನ ಲೆಕ್ಕಕ್ಕೆ ಇಡೀ ಡಬ್ಬದಲ್ಲಿ ಕೊಬ್ಬು ಹತ್ತಿರ ಹತ್ತಿರ 10% ಬಂತು. ಅಳತೆಗೆ ನಮ್ಮದು ಅಪ್ಪಟ ಐಸ್‌ಕ್ರೀಂ.

ಇಲ್ಲಿ ಮುಖ್ಯ ಪಾಠ ನೇರಳೆ ಪನ್ನೀರು ಕಲಿಸಿದ್ದು. ಪಾಕ, ಹಾಲು, ಕ್ರೀಂ ಮೂರನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಇಡೀ ರಾತ್ರಿ ಫ್ರಿಜ್ಜಿನಲ್ಲಿ ಇಟ್ಟೆ. ತಣ್ಣಗಿದ್ದರೆ ಹುಳಿ ಬಿದ್ದರೂ ಹಾಲು ಸ್ವಲ್ಪ ದಪ್ಪಗಾಗುತ್ತದೆ ಅಷ್ಟೇ, ಹಾಗೆ ಒಡೆದು ನೀರಾಗುವುದಿಲ್ಲ. ಬೆಳಿಗ್ಗೆ ಕ್ರೀಂ ಕಡೆದು, ಹಾಲು ಸೇರಿಸಿ, ಕೊನೆಗೆ ಪಾಕವನ್ನು ಸೌಟು ಸೌಟಾಗಿ ಹಾಕಿದೆ. ಒಡೆಯಲಿಲ್ಲ. ಎತ್ತಿಟ್ಟಿದ್ದ 25 ಎಂ.ಎಲ್. ಹಸಿ ವೈನ್ ಕೊನೆಯಲ್ಲಿ. ಅದು ವಾಸನೆಗೆ. ರುಚಿ ನೋಡಿದರೆ ಸಿಹಿ ಒಂದು ಹಿಡಿ ಜಾಸ್ತಿ ಅನ್ನಿಸಬೇಕು. ತಣ್ಣನೆಯದು ತಿನ್ನುವಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕಲಸಿದಾಗ ಸರಿಯಾಗಿದೆ ಅನ್ನಿಸಿದ್ದು ಗಟ್ಟಿಯಾದ ಮೇಲೆ ಸಪ್ಪೆ.

ಮಧ್ಯಾಹ್ನ ಎರಡಕ್ಕೆ ಫ್ರೀಜರಿಗೆ ಹೋಯಿತು. ಯಂತ್ರ ಇಲ್ಲದವರು ಮುಕ್ಕಾಲು ಗಂಟೆಗೊಮ್ಮೆ ಹೊರಗೆ ತೆಗೆದು ಅಂಚಿನಿಂದ ಕೆರೆದು ಕಲಸಬೇಕು, ನಾಲ್ಕೈದು ಸಲ. ಎರಡು ಸಲ ಕಲಸಿದೆ. ನಾಲ್ಕಕ್ಕೆ ಕರೆಂಟ್ ಹೋಯಿತು. ಐದಕ್ಕೂ ಬರಲಿಲ್ಲ. ನಮ್ಮ ರಸ್ತೆಯಲ್ಲಿ ಯಾವುದೋ ಕೇಬಲ್ ಅಗೆತ. ಐದೂವರೆಗೆ ಡಬ್ಬ ತೆಗೆದು ನೋಡಿದರೆ ಅಂಚಿನಲ್ಲಿ ಹಿಡಿದಿದ್ದೂ ಬಿಟ್ಟುಕೊಳ್ಳುತ್ತಿತ್ತು. ಕರಗಿ ಮತ್ತೆ ನಿಧಾನವಾಗಿ ಗಟ್ಟಿಯಾದರೆ ಐಸಿನ ಹರಳು ದೊಡ್ಡದಾಗುತ್ತದೆ, ಮರಳು ತಿಂದ ಹಾಗೆ ಆಗುತ್ತದೆ. ನನಗೆ ಅಳುವೇ ಬಂತು.

ಅಪ್ಪ ಕೇಳಿದರು. "ಕುಲ್ಫಿಯವನು ಏನ್ ಫ್ರಿಜ್ಜು ಹೊತ್ಕೊಂಡು ಬರ್ತಾನಾ? ಮಡಕೇಲಿ ಐಸು, ಉಪ್ಪು ಹಾಕ್ಕೊಂಡು ಬರ್ತಾನೆ."

ಹೌದಲ್ವಾ! ರಾತ್ರಿ ಗಂಟೆ ಬಾರಿಸಿಕೊಂಡು ಬರುವ ಮಟ್ಕಾ ಕುಲ್ಫಿಯವನು ನನ್ನ ತಲೆಗೇ ಬಂದಿರಲಿಲ್ಲ. ನಮ್ಮ ಮನೆಯವರು ಮೇನ್ ರೋಡಿನ ಮೀನಿನ ಅಂಗಡಿಗೆ ಓಡಿ ಎಂಟು ಕೆ.ಜಿ. ಐಸ್ ತಂದರು. ಮೂಲೆ ಅಂಗಡಿಯಿಂದ ಎರಡು ಕೆ.ಜಿ. ಕಲ್ಲುಪ್ಪು. ಐಸನ್ನು ಗೋಣಿಚೀಲದಲ್ಲಿ ಸುತ್ತಿ ಮಗ ಒನಕೆಯಲ್ಲಿ ಕುಟ್ಟಿದ. ಕೆಂಪು ರಬ್ಬರ್ ಬ್ಯಾಂಡಿನ ಕೋಪವೆಲ್ಲ ಅದರ ಮೇಲೆ ಇಳಿಯಿತು. ಊರಿನಿಂದ ತಂದಿದ್ದ ಹಾಲಿನ ಕ್ಯಾನ್ ಅಟ್ಟದ ಮೇಲಿತ್ತು, ಡೈರಿಗೆ ಹಾಲು ಹಾಕಲು ಬಳಸುತ್ತಿದ್ದ ಎರಡು ಲೀಟರಿನದು. ಐಸ್‌ಕ್ರೀಂ ಅದಕ್ಕೆ ಸುರಿದು, ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ಬಕೆಟ್ಟಿನ ನಡುವೆ ನಿಲ್ಲಿಸಿದೆವು. ಸುತ್ತ ಒಂದು ಪದರ ಐಸ್, ಒಂದು ಹಿಡಿ ಉಪ್ಪು, ಮತ್ತೆ ಐಸ್, ಮತ್ತೆ ಉಪ್ಪು. ಕ್ಯಾನಿನ ಕುತ್ತಿಗೆವರೆಗೆ.

ಮಗ ಕೇಳಿದ, ಉಪ್ಪು ಹಾಕಿದರೆ ಐಸ್ ಬೇಗ ಕರಗುತ್ತಲ್ಲ, ಮತ್ತೆ ಹೇಗೆ ತಣ್ಣಗಾಗುತ್ತೆ ಅಂತ. ಕರಗುವುದೇ ಬೇಕಾಗಿರುವುದು. ಐಸ್ ಕರಗಲು ಶಾಖ ಬೇಕು, ಆ ಶಾಖವನ್ನು ಪಕ್ಕದಲ್ಲಿರುವ ಕ್ಯಾನಿನಿಂದ ಎಳೆದುಕೊಳ್ಳುತ್ತದೆ. ಉಪ್ಪುನೀರು 0 ಡಿಗ್ರಿಗೆ ಹೆಪ್ಪುಗಟ್ಟುವುದೂ ಇಲ್ಲ. ಸರಿಯಾದ ಅಳತೆಯಲ್ಲಿ ಬೆರೆತರೆ ಮೈನಸ್ 21ರವರೆಗೂ ಇಳಿಯಬಲ್ಲದು. ಬಕೆಟ್ಟಿನಲ್ಲಿ ಅಷ್ಟು ಆಗುವುದಿಲ್ಲ, ಮೈನಸ್ 10 ಆದರೂ ನಮಗೆ ಧಾರಾಳ. ಕೈಯಲ್ಲಿ ತಿರುಗಿಸುವ ಐಸ್‌ಕ್ರೀಂ ಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ 1843ರಲ್ಲಿ ಪೇಟೆಂಟ್ ಪಡೆದಿದ್ದೂ ಇದೇ ಐಸು, ಉಪ್ಪಿನ ಮೇಲೆ.

ಅಪ್ಪ ಸ್ಟೂಲ್ ಎಳೆದುಕೊಂಡು ಕೂತು ಕ್ಯಾನಿನ ಹಿಡಿ ಹಿಡಿದು ಆ ಕಡೆ ಈ ಕಡೆ ತಿರುಗಿಸತೊಡಗಿದರು. ಮಜ್ಜಿಗೆ ಕಡೆದ ಹಾಗೆ. ಐದು ನಿಮಿಷಕ್ಕೊಮ್ಮೆ ನಾನು ಮುಚ್ಚಳ ತೆಗೆದು ಮರದ ಸೌಟಿನಲ್ಲಿ ಅಂಚು ಕೆರೆದೆ. ಉಪ್ಪುನೀರು ಒಳಗೆ ಬೀಳದಂತೆ ಮಗಳು ಟವೆಲ್ ಹಿಡಿದು ಕಾವಲು. ಬಕೆಟ್ಟಿನ ಹೊರಗೆ ಬೆವರು ಬಂದು ಬಿಳಿ ಮಂಜು ಕಟ್ಟಿತು. ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ನಾವು ಐದು ಜನ ಒಂದು ಬಕೆಟ್ ಸುತ್ತ ಕೂತಿದ್ದೆವು. ಅಪ್ಪ ಹಳೆಯ ಕತೆ ತೆಗೆದರು. ಹಾಪ್‌ಕಾಮ್ಸ್ 1959ರಲ್ಲಿ ಹುಟ್ಟಿದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ, ತರಕಾರಿ ಎಲ್ಲ ಆಮೇಲೆ ಬಂದಿದ್ದು ಅಂತ. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಅಣ್ಣ ಹಣ್ಣನ್ನು ಗೊಬ್ಬರದ ಗುಂಡಿಗೆ ಸುರಿದಿದ್ದೂ ಬಂತು. ಅದನ್ನು ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸಿದರು.

ಇಪ್ಪತ್ತು ನಿಮಿಷಕ್ಕೆ ಸೌಟು ಭಾರ ಆಯಿತು. ಮೂವತ್ತೈದಕ್ಕೆ ಕ್ಯಾನ್ ತಿರುಗಿಸುವುದು ಕಷ್ಟವಾಯಿತು. ಮುಚ್ಚಳ ತೆಗೆದು ಸೌಟು ನೆಟ್ಟರೆ ನಿಂತಿತು. ತಿಳಿ ನೇರಳೆ, ನುಣ್ಣಗೆ, ಒಂದು ಗಂಟಿಲ್ಲ. ಫ್ರೀಜರಿನಲ್ಲಿ ಆಗಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಬೇಗ ತಣ್ಣಗಾಗಿ, ಜೊತೆಗೆ ಸದಾ ಅಲುಗುತ್ತಿದ್ದರೆ ಹರಳು ದೊಡ್ಡದಾಗಲು ಸಮಯವೇ ಸಿಗುವುದಿಲ್ಲ. ಅದೇ ಐಸಿನಲ್ಲಿ ಮಕ್ಕಳದೂ ತಿರುಗಿಸಿದೆವು, ಈ ಸಲ ಮಗನ ಸರದಿ. ಉಳಿದ ಉಪ್ಪುನೀರನ್ನು ನಾನು ತುಳಸಿ ಕಟ್ಟೆ ಪಕ್ಕ ಚೆಲ್ಲಲು ಹೋದಾಗ ಅಪ್ಪ, "ಗಿಡಕ್ಕೆ ಹಾಕ್ಬೇಡ ಕಣಮ್ಮ, ಸತ್ತೋಗ್ತವೆ" ಎಂದು ಕೂಗಿದರು. ಮೋರಿಗೆ ಚೆಲ್ಲಿದೆ.

ಮೇಲಿನ ಮನೆಗೆ ಎರಡು ಕಪ್ ಕಳಿಸಿದೆ. ಹತ್ತು ನಿಮಿಷದಲ್ಲಿ ಖಾಲಿ ಕಪ್ ತೊಳೆದು ವಾಪಸ್ ಬಂತು, ಜೊತೆಗೆ ಆಂಟಿಯ ಪ್ರಶ್ನೆ: ಅಂಕಲ್‌ಗೆ ಇನ್ನೊಂದು ಚೂರು ಇದೆಯಾ? ನಮ್ಮ ಮನೆಯವರು ಚರ್ಚ್ ಸ್ಟ್ರೀಟಿನದಕ್ಕಿಂತ ಚೆನ್ನಾಗಿದೆ ಅಂದರು. ಅವರು ಹಾಗೆ ಹೇಳಲೇಬೇಕಿತ್ತು.

ಅಪ್ಪನಿಗೆ ಕೊಡುವ ಮುಂಚೆ ಹೇಳಿದೆ. "ಅಪ್ಪಾ, ಇದರಲ್ಲಿ ಅವರು ಕೊಟ್ಟಿದ್ದ ವೈನ್ ಇದೆ. ಬೇಡ ಅಂದ್ರೆ ಮಕ್ಕಳದು ಕೊಡ್ತೀನಿ."

"ಗೊತ್ತು ಬಿಡು. ತಿರುಗಿಸ್ತಾ ಕೂತಾಗ್ಲೇ ವಾಸ್ನೆ ಬಂತು" ಅಂದರು. ಕಪ್ ತೆಗೆದುಕೊಂಡರು. ಒಂದು ಚಮಚ ಬಾಯಿಗೆ ಹಾಕಿ ಕಣ್ಣು ಮುಚ್ಚಿ, ತೋಟದಲ್ಲಿ ಹಣ್ಣು ಕಚ್ಚಿ ನಿಲ್ಲುತ್ತಾರಲ್ಲ, ಹಾಗೆ ಕೂತರು. ಎರಡನೇ ಚಮಚ. ನಾವೆಲ್ಲ ಸುಮ್ಮನೆ ನೋಡುತ್ತಿದ್ದೆವು.

"ಸಿಹಿ ಸರಿಯಾಗದೆ. ಹಿಂದೆ ಒಂಚೂರು ಹುಳಿ ಎಳೀತದೆ" ಅಂದರು. ಎದ್ದು ಅಡುಗೆಮನೆಗೆ ಹೋಗಿ ಕ್ರೇಟಿನಲ್ಲಿ ಉಳಿದಿದ್ದ ಗೊಂಚಲಿನಿಂದ ಒಂದು ಹಣ್ಣು ಕಿತ್ತು ಕಚ್ಚಿದರು. ಬೀಜ ಅಂಗೈಗೆ ಉಗಿದು, ಮೊಮ್ಮಗನ ಟಾರ್ಚಿನ ಬೆಳಕಿಗೆ ಹಿಡಿದರು. ಪೊರೆ ಬಂದ ಕಣ್ಣು, ಹತ್ತಿರ ತಂದು ತಂದು ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಅಣ್ಣನಿಗೆ ಹಚ್ಚಿದರು.

"ಯಾವತ್ತು ಕೊಯ್ದೆ ಇದನ್ನ? ಇನ್ನೂ ನಾಕ್ ದಿನ ಬಿಡ್ಬೇಕಾಗಿತ್ತು ಕಣೋ. ಬೀಜ ಇನ್ನೂ ಹಸ್ರಾಗದೆ. ಟೆಂಪೋ ಸಿಕ್ತು ಅಂತ ಕೊಯ್ಕೊಂಡ್ಬುಟ್ರೆ ಆಗ್ತದಾ?"

ಅತ್ತ ಅಣ್ಣ ಏನೋ ಹೇಳುತ್ತಿದ್ದ. ಅಪ್ಪ ಬೈಯುತ್ತಲೇ ಖಾಲಿ ಕಪ್ಪನ್ನು ನನ್ನ ಕಡೆ ಚಾಚಿದರು.